ಇರುವುದೆಲ್ಲ ನಿವಾರಣೆಯಾಗುತ್ತದೆ

ಗಂಡನ ಶವಸಂಸ್ಕಾರಕ್ಕೆ ಬಂದವರು ಚದುರಿಹೋದ ಮೇಲಿನ ಮೊದಲ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಬಂತು. ನಾನು ಎಂದಿನಂತೆ ಕಸ ಕೊಟ್ಟೆ. ಒಣಕಸವನ್ನೂ ಹಸಿಕಸವನ್ನೂ ಬೇರೆ ಮಾಡಿಲ್ಲವೆಂದು ಗಾಡಿಯವನು ಬೈದ. ಅಷ್ಟು ದಿನವೂ ಎಲ್ಲರೂ ನನ್ನೊಡನೆ ಗಾಜಿನ ಸಾಮಾನು ಎತ್ತಿಡುವವರ ದನಿಯಲ್ಲಿ ಮಾತಾಡಿದ್ದರು. ಬೈಸಿಕೊಂಡದ್ದು ಹಿತವಾಯಿತು.

ಒಳಗೆ ಇನ್ನೂ ಇಬ್ಬರು ಉಳಿದಿದ್ದರು. ಗಂಡನ ಅಣ್ಣ, ಮತ್ತು ಅವರ ಹೆಂಡತಿ. ಭಾವ ಪಂಪುಸೆಟ್ಟು ಮಾರುವ ಕಂಪನಿಯಲ್ಲಿ ವ್ಯವಸ್ಥಾಪಕರು. ಯಾರು ಏನೇ ಹೇಳಲಿ, 'ನಾನಿದೀನಲ್ಲ' ಎನ್ನುವುದು ಅವರ ಅಭ್ಯಾಸ. ಅವರು ಇರುವುದೇ ಎಷ್ಟೋ ಸಲ ತೊಂದರೆಯ ಮೂಲ ಎಂದು ಅವರಿಗೆ ಈತನಕ ಯಾರೂ ಹೇಳಿಲ್ಲ. ಓರಗಿತ್ತಿ ನನ್ನ ಅಡುಗೆಮನೆಯ ಡಬ್ಬಿಗಳನ್ನು ತಮಗೆ ಸರಿಕಂಡ ಕ್ರಮದಲ್ಲಿ ಜೋಡಿಸಿ ಮುಗಿಸಿದ್ದರು. ಉಪ್ಪು ಎಲ್ಲಿದೆಯೆಂದು ನಾನು ಅವರನ್ನು ಕೇಳಬೇಕಾಗಿತ್ತು.

ಕಾಫಿ ಇಳಿಸುವಾಗ ಫೋನು ಬಂತು. ನನ್ನ ಗಂಡನ ಆಫೀಸಿನಲ್ಲಿ ಕರಡು ತಿದ್ದುವವಳು. ಅವಳನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಹೆಣದ ಮುಂದೆ ನಿಂತು, ಎಲ್ಲರಿಗಿಂತ ಹೆಚ್ಚು ಅತ್ತು, ಅಳುವಿನ ನಡುವೆ ನಮ್ಮ ಕೋಣೆಯ ಕಪಾಟಿನ ಕಡೆ ಪದೇಪದೇ ನೋಡಿದ್ದಳು. ನನ್ನ ಗಂಡನಿಗೂ ಅವಳಿಗೂ ಏನೋ ಇರಬಹುದೆಂದು ಓರಗಿತ್ತಿ ಆವಾಗಲೇ ಕಣ್ಣು ಕಿರಿದು ಮಾಡಿದ್ದರು. ನನಗೆ ಆ ಸಂದೇಹಕ್ಕೆ ಬೇಕಾದಷ್ಟು ಆಸಕ್ತಿಯೂ ಉಳಿದಿರಲಿಲ್ಲ.

"ಹೇಗಿದೀರಿ ಅಂತ ಕೇಳೋಣ ಅಂತ," ಅಂದಳು.

"ಇದೀನಿ."

"ಊಟ ತಿಂಡಿ ಮಾಡ್ತಿದೀರಾ?"

"ಮಾಡ್ತಿದೀನಿ. ಏನು ಬೇಕಿತ್ತು?"

ಅವಳು ಒಂದೇ ಸಮನೆ ಹೇಳಿದಳು. ಅವಳ ಹಾರ್ಡ್ ಡಿಸ್ಕೊಂದು ನಮ್ಮ ಮನೆಯಲ್ಲಿತ್ತು. ನನ್ನ ಗಂಡ ತನ್ನದರಲ್ಲಿ ಜಾಗ ಸಾಲದೆಂದು ಎರವಲು ತಂದಿದ್ದ. ಅದರಲ್ಲಿ ಅವಳ ತಾಯಿಯ ದನಿ ಇತ್ತು. ತಾಯಿ ಮನೆತನದ ಕತೆ, ಜಗಳ, ಲಾಲಿ, ಬೈಗುಳ ಎಲ್ಲ ಹೇಳುವುದನ್ನು ಅವಳು ಹಲವು ವರ್ಷ ರೆಕಾರ್ಡು ಮಾಡಿ ಕೂಡಿಹಾಕಿದ್ದಳು. ಈಗ ತಾಯಿಗೆ ಪಾರ್ಶ್ವವಾಯು. ಮಾತು ಪೂರ್ತಿ ಹೋಗಿತ್ತು.

"ಬೇರೆ ಪ್ರತಿ?"

"ಇಲ್ಲ."

"ಒಂದೇ ಒಂದು ಪ್ರತಿ ಇರೋದನ್ನ ಎರವಲು ಕೊಟ್ರಾ?"

"ಅವರು ಕೇಳಿದ್ರೆ ಇಲ್ಲ ಅನ್ನೋಕೆ ಆಗ್ತಿರಲಿಲ್ಲ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಅವನು ಎದುರಿನವರಿಗಿಂತ ಹೆಚ್ಚು ಸಂಕೋಚಪಟ್ಟುಕೊಂಡು ಕೇಳುತ್ತಿದ್ದ. ಆ ಸಂಕೋಚ ನೋಡಲಾರದೆ ಜನ ಕೊಟ್ಟುಬಿಡುತ್ತಿದ್ದರು. ನಾನು ಅವನನ್ನು ಮದುವೆಯಾದದ್ದೂ ಹೆಚ್ಚುಕಡಿಮೆ ಹಾಗೆಯೇ.

"ಜಾಗ ಮಾಡೋಕೆ ಅಂತ ಅವರು ಅಮ್ಮನ ಫೈಲುಗಳನ್ನ ಬೇರೆ ಎಲ್ಲಾದರೂ ಇಟ್ಟಿದ್ರೋ ಏನೋ. ಇದೆಯಾ ಅಂತ ಒಂದ್ಸಲ ನೋಡಿ ಹೇಳ್ತೀರಾ? ಇವತ್ತು ಅಮ್ಮನ್ನ ನೋಡ್ಕೊಳ್ಳೋರು ಯಾರೂ ಇಲ್ಲ, ಬಿಟ್ಟು ಬರೋಕಾಗಲ್ಲ. ಅವಸರ ಏನಿಲ್ಲ, ನಿಧಾನಕ್ಕೆ..."

ಅವಸರವಿಲ್ಲ ಎನ್ನುವವರ ದನಿ ಹಾಗಿರುವುದಿಲ್ಲ. ನೋಡುತ್ತೇನೆಂದು ಹೇಳಿ ಇಟ್ಟೆ.

ಡಿಸ್ಕು ಕಪಾಟಿನಲ್ಲೇ ಇತ್ತು. ಅಂಗೈಯಗಲ, ಕಪ್ಪು. ಬೆನ್ನಿಗೆ ಬಿಳಿಪಟ್ಟಿ ಅಂಟಿಸಿ ದುಂಡಕ್ಷರದಲ್ಲಿ 'ಮರಳಿಸತಕ್ಕದ್ದು' ಎಂದು ಬರೆದಿದ್ದಳು. ಸಾವಿನ ಮನೆಯಲ್ಲಿ ಬಾಯಿ ಬಿಡಲಾರದವಳು ಪಟ್ಟಿಯ ಮೇಲೆ ಧೈರ್ಯವಂತೆ.

ಇವನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದು ತೆರೆಯುತ್ತಿತ್ತೆಂದು ನನಗೆ ಗೊತ್ತು. ಆದರೆ ಆ ಲ್ಯಾಪ್‌ಟಾಪು ಇರಲಿಲ್ಲ. ಆಫೀಸಿನ ಪರವಾಗಿ ಹೂವು ತಂದವನು ಹೋಗುವಾಗ ಅದನ್ನು ಒಯ್ದಿದ್ದ. ಬರಿಗೈಯಲ್ಲಿ ಹೋಗಬಾರದೆಂಬ ಸಂಪ್ರದಾಯ ಅವರ ಕಂಪನಿಯಲ್ಲಿ ಇರಬೇಕು. ಉಳಿದದ್ದು ಮನೆಯ ಕಂಪ್ಯೂಟರು.

ಈ ಕಂಪ್ಯೂಟರಿನ ಬಗ್ಗೆ ಒಂದು ಮಾತು ಹೇಳಬೇಕು. ಯಂತ್ರಗಳು ಆಡುವ ಮಾತನ್ನು ಕನ್ನಡಕ್ಕೆ ತರುವುದು ನನ್ನ ಗಂಡನ ಕೆಲಸವಾಗಿತ್ತು. ಬಾಗಿಲು ಸರಿಯಾಗಿ ಮುಚ್ಚಿಲ್ಲ, ನೀರಿನ ಮಟ್ಟ ಸಾಲದು, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಕಂಪ್ಯೂಟರಿನ ಸಂದೇಶಗಳನ್ನೂ ಅವನೇ ಮಾಡಿದ್ದ. ಮನೆಯದನ್ನೂ ಕನ್ನಡಕ್ಕೆ ತಿರುಗಿಸಿಟ್ಟಿದ್ದ. ಅವನು ಬೇಯಿಸಿದ್ದನ್ನು ಉಣ್ಣುತ್ತಿದ್ದವಳು ನಾನು. 'ಮುದ್ರಕವು ನಿಮ್ಮ ಸೂಚನೆಯ ನಿರೀಕ್ಷೆಯಲ್ಲಿದೆ' ಎಂದು ಅದು ಹೇಳಿದಾಗ ಎಷ್ಟೋ ಸಲ ಎದ್ದುಹೋಗಿ ಕೈಯಲ್ಲೇ ಬರೆದುಕೊಂಡಿದ್ದೇನೆ.

ಡಿಸ್ಕಿನ ಕೇಬಲ್ಲು ಸಿಕ್ಕಲಿಲ್ಲ. ಫೋನು ಚಾರ್ಜು ಮಾಡುವ ಕೇಬಲ್ಲು ಅದಕ್ಕೆ ಹೊಂದಿತು. ಸಿಕ್ಕಿಸಿದೆ. ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ. ಕಿವಿಯಿಟ್ಟು ಕೇಳಿದೆ; ಒಳಗೆ ಏನೋ ತಿರುಗುತ್ತಿತ್ತು.

"ಏನಮ್ಮಾ ಅದು?" ಭಾವ ಕಾಫಿ ಲೋಟದೊಂದಿಗೆ ಬಂದರು.

ಹೇಳಿದೆ. ಹೇಳಬಾರದಿತ್ತು.

"ನಾನಿದೀನಲ್ಲ. ಏಳು, ಏಳು." ಕುರ್ಚಿ ಅವರದಾಯಿತು. "ಒಳ್ಳೇದೇ ಆಯ್ತು. ಅವನ ಫೋಟೋನೂ ಇದರಲ್ಲೇ ಇರತ್ತೆ. ಕಟ್ಟು ಹಾಕಿಸೋಕೆ ನೆಟ್ಟಗಿರೋದು ಒಂದೂ ಸಿಕ್ಕಿಲ್ಲ ಅಂತ ಒದ್ದಾಡ್ತಿದ್ವಿ."

"ಇದು ಅವನದ್ದಲ್ಲ ಭಾವ, ಬೇರೆಯವರದ್ದು."

"ಯಾರದ್ದಾದ್ರೇನು, ಡಿಸ್ಕು ಡಿಸ್ಕೇ."

ನಾನು ಕಲಿತದ್ದು ರಸಾಯನಶಾಸ್ತ್ರ. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿ ತಪ್ಪು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೋ ಯಾವುದರಿಂದ ಕೆಟ್ಟಿತೋ ತಿಳಿಯುವುದಿಲ್ಲ. ಭಾವ ಕೇಬಲ್ಲು ಕಿತ್ತರು, ಹಿಂದಿನ ತೂತಿಗೆ ಸಿಕ್ಕಿಸಿದರು, ಅದೇ ಹೊತ್ತಿಗೆ ಕಂಪ್ಯೂಟರನ್ನು ಆರಿಸಿ ಹಚ್ಚಿದರು, ತೂತಿಗೆ ಉಫ್ ಎಂದು ಊದಿದರು, ಡಿಸ್ಕನ್ನು ತಲೆಕೆಳಗು ಮಾಡಿ ಅಂಗೈಗೆ ತಟ್ಟಿದರು. ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಡಬೇಕೆಂದು ಯಾರೋ ಹೇಳಿದ್ದು ನೆನಪಿದೆ ಅಂದರು.

"ಮೊಸರಿನ ಪಕ್ಕ ಇಡ್ತೀರಾ?" ಓರಗಿತ್ತಿ ಬಾಗಿಲಿನಿಂದ ಕೇಳಿದರು. "ನಿನ್ನೆ ತಾನೆ ಒರೆಸಿದೀನಿ."

ಫೋನಿನ ಕೇಬಲ್ಲು ಬರೀ ಕರೆಂಟು ಒಯ್ಯುವಂಥದ್ದಿರಬಹುದು ಎಂದು ನಾನು ಎರಡು ಸಲ ಹೇಳಿದೆ. ಭಾವ ಕೇಳಿಸಿಕೊಳ್ಳಲಿಲ್ಲ. ನಾನೇ ಹಳೆಯ ಸಾಮಾನಿನ ಡಬ್ಬಿಯಿಂದ ಬೇರೊಂದು ದಪ್ಪನೆಯ ಕೇಬಲ್ಲು ತಂದು ಅವರ ಕೈಗೆ ಕೊಟ್ಟೆ. ಸಿಕ್ಕಿಸಿದರು. ಕಂಪ್ಯೂಟರು ಟಿಣ್ ಎಂದಿತು.

"ನೋಡಿದ್ಯಾ! ಊದಿದ್ದಕ್ಕೇ ಬಂದಿದ್ದು."

ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: 'ಯುಎಸ್‌ಬಿ ಸಾಧನವನ್ನು ಗುರುತಿಸಲಾಗಲಿಲ್ಲ.'

"ಗುರುತಿಸಲಾಗಲಿಲ್ಲ ಅಂದ್ರೆ? ಯಾರಿಗೆ ಆಗಲಿಲ್ಲ?" ಭಾವ ಗೊಣಗಿದರು. "ಒಳ್ಳೇ ಕನ್ನಡ ಕಣಯ್ಯ ನಿಂದು." ಇದನ್ನು ಅವರು ಸತ್ತವನಿಗೆ ಹೇಳಿದ್ದು.

"ತನಗೆ ಕನ್ನಡ ಕಲಿಸಿದವನು ತಂದಿಟ್ಟ ಸಾಮಾನೇ ಅದಕ್ಕೆ ಗುರುತಿಲ್ವಂತೆ," ಎಂದರು ಓರಗಿತ್ತಿ. ನಗಬಾರದೆಂದು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡರು. ಆ ದಿನ ಅವರು ಆಡಿದ್ದರಲ್ಲಿ ಸಹಿಸಬಹುದಾದ ಮಾತು ಅದೊಂದೇ.

ಭಾವ ಕೇಬಲ್ಲನ್ನು ಒತ್ತಿ ಹಿಡಿದರು. ಮತ್ತೊಮ್ಮೆ ಟಿಣ್. ಈ ಸಲ ಪರದೆಯ ನಡುವೆ ಒಂದು ಚೌಕ ಬಂತು. 'ಡಿಸ್ಕನ್ನು ಬಳಸುವ ಮೊದಲು ಅದನ್ನು ಸಜ್ಜುಗೊಳಿಸಬೇಕು. ಸಜ್ಜುಗೊಳಿಸಲೇ?' ಕೆಳಗೆ 'ಸಜ್ಜುಗೊಳಿಸು' ಎಂದೊಂದು ಗುಂಡಿ, 'ರದ್ದು' ಎಂದೊಂದು ಗುಂಡಿ.

"ಹಾಗೆ ಹೇಳು ಮತ್ತೆ! ಸಜ್ಜಾಗಿರಲಿಲ್ಲ ಅಷ್ಟೇ." ಭಾವ ಒತ್ತಿದರು.

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಸಜ್ಜು ಎಂಬ ಪದ ಎಲ್ಲೋ ಕೇಳಿದ್ದೆನಲ್ಲ ಅನ್ನಿಸಿತು. ಆ ದಿನಗಳಲ್ಲಿ ನನಗೆ ಯಾವುದೂ ತಟ್ಟನೆ ಹೊಳೆಯುತ್ತಿರಲಿಲ್ಲ. ಇನ್ನೊಂದು ಚೌಕ ಬಂತು, ಅದರಲ್ಲಿ ಏನೇನೋ ಆಯ್ಕೆ, ಕೆಳಗೆ 'ಆರಂಭಿಸು'. ಭಾವ ಅದನ್ನೂ ಒತ್ತಿದರು. ಮೂರನೆಯದು ಹಳದಿ ಗುರುತಿನೊಂದಿಗೆ ಬಂತು. ಭಾವ ಕನ್ನಡಕ ಏರಿಸಿ, ಭಾಷಣ ಓದುವವರಂತೆ ಓದಿದರು:

"'ಸಜ್ಜುಗೊಳಿಸಿದಾಗ ಡಿಸ್ಕಿನಲ್ಲಿ ಇರುವುದೆಲ್ಲ ನಿವಾರಣೆಯಾಗುತ್ತದೆ. ಮುಂದುವರಿಯಲೇ?' ಮುಂದುವರಿ ಮಾರಾಯ. ದೋಷ ಇರೋದು, ನಿವಾರಣೆ ಆಗತ್ತಂತೆ. ಇನ್ನೇನು ಬೇಕು?"

ಆಗ ಹೊಳೆಯಿತು. ಊಟಕ್ಕೆ ಕೂತಾಗ ಅವನು ಒಂದು ಇಡೀ ವಾರ ಈ ಪದವನ್ನೇ ಜಗಿದಿದ್ದ. ಫಾರ್ಮ್ಯಾಟ್ ಎನ್ನುವುದಕ್ಕೆ ಕನ್ನಡ ಬೇಕಿತ್ತು. ಅಳಿಸು ಎಂದು ಹಾಕು ಎಂದಿದ್ದೆ.

"ಅಳಿಸು ಅಂದ್ರೆ ಜನ ಹೆದರ್ತಾರಂತೆ ಕಣೆ. ಮೇಲಿನವರು ಬೇಡ ಅಂತಾರೆ."

"ಹೆದರಬೇಕಲ್ಲ? ಎಲ್ಲ ಹೋಗತ್ತಲ್ಲ?"

"ಹೆದರಿಸೋದು ನಮ್ಮ ಕೆಲಸ ಅಲ್ವಂತೆ. ಸೌಮ್ಯವಾಗಿರಬೇಕಂತೆ." ಹೀಗೆ ಅವನು ಕೊಲೆಗೆ ಅಲಂಕಾರ ಎಂದು ಹೆಸರಿಟ್ಟು, ಮಾಯವಾಗುವುದಕ್ಕೆ ನಿವಾರಣೆ ಎಂದು ಹೆಸರಿಟ್ಟು, ಮೇಲಿನವರಿಗೆ ಒಪ್ಪಿಸಿ, ಮೊಸರನ್ನ ಕಲಸಿಕೊಂಡಿದ್ದ.

ಭಾವನ ಬೆರಳು 'ಹೌದು' ಎಂಬುದರ ಮೇಲಿತ್ತು. ಬಗ್ಗಿ ಕೇಬಲ್ಲು ಕಿತ್ತೆ.

"ಅಯ್ಯೋ! ಹಾಗೆಲ್ಲ ಕೀಳ್ತಾರಾ? ಸುಟ್ಟೋಗತ್ತೆ ಅದು!"

"ಒತ್ತಿದ್ರಾ?"

"ಏನು?"

"ಹೌದು ಅನ್ನೋದನ್ನ ಒತ್ತಿದ್ರಾ, ಇಲ್ವಾ?"

"ಒತ್ತಿದೆ, ಇಲ್ಲ... ಒತ್ತೋ ಹೊತ್ತಿಗೇ ನೀನು... ಏನಾಯ್ತು ಈಗ?"

"ಎಲ್ಲ ಅಳಿಸಿಹೋಗ್ತಿತ್ತು ಭಾವ. ಸಜ್ಜುಗೊಳಿಸು ಅಂದ್ರೆ ಅಳಿಸು."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. "ಮತ್ತೆ ಹಾಗಂತ ಬರೀಬೇಕಪ್ಪ!"

ಅವರನ್ನು ತುಚ್ಛವಾಗಿ ಕಾಣಲು ನಾನು ಪೂರ್ತಿ ಸಿದ್ಧಳಾಗಿದ್ದೆ. ಆದರೆ ಅವರು ಓದಿದ್ದು ಸರಿಯಾಗಿಯೇ ಓದಿದ್ದರು. ಕನ್ನಡ ಬಲ್ಲವನೇ ಮಾಡಬಹುದಾದ ತಪ್ಪು ಅದು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಹೆದರಿ ನನ್ನನ್ನು ಕರೆಯುತ್ತಿದ್ದರು. ತಮ್ಮನ ಮಾತನ್ನು ಅಣ್ಣ ಜೀವನದಲ್ಲಿ ಮೊದಲ ಸಲ ಚಾಚೂ ತಪ್ಪದೆ ಪಾಲಿಸಲು ಹೊರಟಿದ್ದರು.

ಕಿತ್ತದ್ದರಿಂದಲೇ ಕೆಟ್ಟಿತೆಂದು ಅವರು ತೀರ್ಮಾನಿಸಿ ನನ್ನನ್ನು ರಿಪೇರಿ ಅಂಗಡಿಗೆ ಕರೆದೊಯ್ದರು. ಗಾಜಿನ ಬಾಗಿಲು, ಒಳಗೆ ತಂಪು, ಗೋಡೆಗೆ ನೂರಾರು ಫೋನಿನ ಕವಚಗಳು ನೇತಾಡುತ್ತಿದ್ದವು. ಅಂಗಡಿಯವನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ, ಒಂದು ನೋಟ ನೋಡಿದ, ತೆಗೆದ.

"ಸತ್ತಿದೆ."

"ತಿರುಗ್ತಾ ಇದೆಯಲ್ಲ," ಅಂದೆ.

"ತಿರುಗತ್ತೆ ಮೇಡಂ. ಸತ್ತಮೇಲೂ ಕೆಲವು ತಿರುಗ್ತವೆ. ಏನಿತ್ತು, ಮದುವೆ ಫೋಟೋನಾ?"

"ಒಬ್ಬರ ತಾಯಿಯ ದನಿ."

"ದನೀನಾ? ಸಣ್ಣ ಫೈಲು. ಲ್ಯಾಬಿಗೆ ಕಳಿಸಿದ್ರೆ ಬಂದ್ರೂ ಬರಬಹುದು, ಗ್ಯಾರಂಟಿ ಇಲ್ಲ. ಇಲ್ಲಾಂದ್ರೆ ಫಾರ್ಮ್ಯಾಟ್ ಹೊಡೆದು ಕೊಡ್ತೀನಿ, ಹೊಸದರ ಹಾಗೆ ಓಡತ್ತೆ."

"ಓಡಿ ಎಲ್ಲಿಗೆ ಹೋಗಬೇಕು?"

ಅವನಿಗೆ ಅರ್ಥವಾಗಲಿಲ್ಲ. ಭಾವ ನನ್ನ ಮೊಣಕೈ ಮುಟ್ಟಿ, "ಇತ್ತೀಚೆಗೆ ಗಂಡ ತೀರಿಹೋಗಿದಾನೆ," ಎಂದು ಅವನಿಗೆ ತಗ್ಗಿದ ದನಿಯಲ್ಲಿ ಹೇಳಿದರು. ಅಂಗಡಿಯವನು ಕೂಡಲೇ ಗಾಜಿನ ಸಾಮಾನು ಎತ್ತಿಡುವ ಮುಖ ಮಾಡಿದ. ನಾನು ಡಿಸ್ಕನ್ನು ಎತ್ತಿಕೊಂಡು ಹೊರಗೆ ಬಂದೆ.

ಮನೆಗೆ ಬಂದು ಕೋಣೆಯ ಚಿಲಕ ಹಾಕಿದೆ. ಆ ಮದುವೆಯಲ್ಲೂ ಆ ಸಾವಿನಲ್ಲೂ ನಾನು ಹಾಕಿಕೊಂಡ ಮೊದಲ ಚಿಲಕ. ಕೇಬಲ್ಲು ಅದೇ, ತೂತು ಅದೇ. ಚೌಕ ಬಂದಾಗ 'ರದ್ದು' ಒತ್ತಿದೆ. ಡಿಸ್ಕುಗಳನ್ನೆಲ್ಲ ಸಾಲಾಗಿ ತೋರಿಸುವ ಒಂದು ಕಿಟಕಿ ಕಂಪ್ಯೂಟರಿನ ಒಳಗೆಲ್ಲೋ ಇರುತ್ತದೆ. ಹುಡುಕಿ ತೆರೆದೆ. ಮೇಲೆ ನಮ್ಮ ಕಂಪ್ಯೂಟರಿನ ಡಿಸ್ಕು. ಅದರ ಕೆಳಗೆ ಇದು. ಪೂರ್ತಿ ಗಾತ್ರ ತೋರಿಸುತ್ತಿತ್ತು. ಹೆಸರಿನ ಜಾಗ ಖಾಲಿ, ಫೈಲುಗಳನ್ನು ಯಾವ ಬಗೆಯಲ್ಲಿ ಬರೆದಿದೆಯೆಂದು ಹೇಳುವ ಜಾಗವೂ ಖಾಲಿ. ಆದರೆ ಸ್ಥಿತಿ ಎಂಬುದರ ಮುಂದೆ ಒಂದು ಪದವಿತ್ತು.

'ಕ್ಷೇಮ.'

ಅದೂ ಅವನದ್ದೇ. ಬೇರೆ ಯಾರಾದರೂ 'ಸರಿ ಇದೆ' ಎಂದು ಹಾಕಿ ಮುಗಿಸುತ್ತಿದ್ದರು. ಇವನು ಯಂತ್ರದ ಬಿಡಿಭಾಗದ ಕುಶಲ ವಿಚಾರಿಸಿದ್ದ. ಎಷ್ಟು ಪೆದ್ದ ಎಂದುಕೊಂಡೆ. ಕಿಟಕಿಯನ್ನು ಕೂಡಲೇ ಮುಚ್ಚಲಿಲ್ಲ.

ಮತ್ತೆ ಯೋಚನೆ ಮಾಡಿದೆ, ಬಹುದಿನಗಳ ಮೇಲೆ. ಡಿಸ್ಕು ಕೆಟ್ಟಿಲ್ಲ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿತ್ತು. ಇಲ್ಲಿ ತೆರೆಯುವುದಿಲ್ಲ, ಅಂಗಡಿಯಲ್ಲೂ ಇಲ್ಲ. ಹಾಗಾದರೆ ಕೊರತೆ ಇದರಲ್ಲಿ ಅಲ್ಲ, ಓದುವವರಲ್ಲಿ. ಇದನ್ನು ಬರೆದದ್ದು ಬೇರೆ ಜಾತಿಯ ಕಂಪ್ಯೂಟರಿರಬೇಕು. ತನಗೆ ಓದಲು ಬಾರದ್ದನ್ನು ಕಂಡ ಕೂಡಲೇ ಈ ಕಂಪ್ಯೂಟರಿಗೆ ತೋಚುವುದು ಅದನ್ನು ಒರೆಸಿಹಾಕುವುದು. ಈ ಸ್ವಭಾವದ ಮನುಷ್ಯರನ್ನೂ ನಾನು ಬಲ್ಲೆ, ಒಬ್ಬಿಬ್ಬರು ಆಗ ಹೊರಗಿನ ಕೋಣೆಯಲ್ಲೇ ಕೂತಿದ್ದರು.

ಕರಡು ತಿದ್ದುವವಳಿಗೆ ಫೋನು ಮಾಡಿದೆ.

"ನಿಮ್ಮ ಮನೇಲಿರೋದು ಯಾವ ಕಂಪ್ಯೂಟರು? ನಮ್ಮದರ ಥರದ್ದಾ, ಬೇರೇದಾ?"

"ಬೇರೇದು. ಆಫೀಸಲ್ಲೂ ಅದೇ ಕೊಟ್ಟಿದ್ದು. ಯಾಕೆ? ಏನಾಗಿದೆ?"

"ಹೇಳ್ತೀನಿ. ಬರ್ತಿದೀನಿ."

"ಇದೆಯಾ ಅದರಲ್ಲಿ?"

"ಗೊತ್ತಿಲ್ಲ. ಅಳಿಸಿಹೋಗಿದ್ರೂ ಹೋಗಿರಬಹುದು." ಸಮಾಧಾನದ ಮಾತು ಕೇಳಿ ಕೇಳಿ ನನಗೆ ಅದನ್ನು ಆಡುವುದು ಮರೆತೇ ಹೋಗಿತ್ತು.

ಬಾಗಿಲಲ್ಲಿ ಓರಗಿತ್ತಿ ತಡೆದರು. "ಈಗ ನೀನು ಹಾಗೆಲ್ಲ ಹೊರಗೆ ಓಡಾಡಿದ್ರೆ ನೋಡಿದವರು ಏನಂತಾರೆ? ಅವಳೇ ಬಂದು ತಗೊಂಡು ಹೋಗಲಿ. ಅಷ್ಟಕ್ಕೂ ಯಾರವಳು?"

"ಡಿಸ್ಕಿನ ಯಜಮಾನಿ."

"ಅಷ್ಟೇನಾ?"

"ಅಷ್ಟೇ ಅಕ್ಕ. ನಿಮಗೆ ನಿರಾಸೆ ಆಗ್ತಿದ್ರೆ ಕ್ಷಮಿಸಿ."

ಅವಳ ಮನೆ ಬಸ್ಸಿನ ದಾರಿಯ ಕೊನೆಯಲ್ಲಿ, ಟೈರಿನ ಗೋದಾಮೊಂದರ ಮಹಡಿಯ ಮೇಲಿತ್ತು. ಮೆಟ್ಟಿಲಲ್ಲೆಲ್ಲ ರಬ್ಬರಿನ ವಾಸನೆ. ಒಂದೇ ಕೋಣೆ. ಕಿಟಕಿಯ ಪಕ್ಕದ ಮಂಚದಲ್ಲಿ ತಾಯಿ ಗೋಡೆಗೆ ಒರಗಿ ಕೂತಿದ್ದರು, ಬಾಯಿಯ ಒಂದು ಬದಿ ಇಳಿದಿತ್ತು. ಕಣ್ಣುಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದವು. ಅದರಲ್ಲಿ ಕನಿಕರವಿರಲಿಲ್ಲ. ನನಗೆ ಆಕೆ ಹಿಡಿಸಿದರು.

ಕರಡು ತಿದ್ದುವವಳು ಡಿಸ್ಕನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಸಿಕ್ಕಿಸದೆ ಹಿಡಿದುಕೊಂಡು ನಿಂತಳು.

"ಏನಾಯ್ತು ಹೇಳಿ ಮೊದಲು."

ನಡೆದದ್ದು ಹೇಳಿದೆ. ಭಾವ, ಮೂರು ಚೌಕ, ಸಜ್ಜುಗೊಳಿಸು, ನಿವಾರಣೆ. ಅವಳ ಮುಖ ಕೆಂಪಾಯಿತು.

"ಆ ಎರಡೂ ಪದಕ್ಕೆ ನಾನು ಗೆರೆ ಎಳೆದು ಕಳಿಸಿದ್ದೆ. ಜನ ಮೋಸ ಹೋಗ್ತಾರೆ ಅಂದೆ. ಹೌದು ಹೌದು ಅಂದ್ರು. ಆಮೇಲೆ ನೋಡಿದ್ರೆ ಹಾಗೇ ಬಂದುಬಿಟ್ಟಿತ್ತು."

"ಅವನು ಎಲ್ಲರಿಗೂ ಹೌದು ಅಂತಿದ್ದ."

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮನೇಲಿ ನಾನು ಅತ್ತಿದ್ದು ಅವರಿಗಲ್ಲ. ಡಿಸ್ಕಿಗೆ. ಇನ್ನು ಹೇಗೆ ಕೇಳೋದು ಅಂತ. ಎಲ್ಲರೂ ನನ್ನನ್ನ ಸಮಾಧಾನ ಮಾಡ್ತಿದ್ರು, ಭೂಮಿ ಬಾಯಿಬಿಡಬಾರದೇ ಅನ್ನಿಸ್ತು."

ಗಂಡ ತೀರಿಕೊಂಡನೆಂದು ಆಸ್ಪತ್ರೆಯಿಂದ ಫೋನು ಬಂದ ಹೊತ್ತಿನಿಂದ ನಾನು ಕೇಳಿದ ಮೊದಲ ನಿಜ ಅದು. ನನಗೆ ಅವಳ ಮೇಲೆ ಹೇಗೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

"ಸಿಕ್ಕಿಸಿ," ಅಂದೆ.

ಸಿಕ್ಕಿಸಿದಳು. ಕಂಪ್ಯೂಟರು ಏನೂ ಕೇಳಲಿಲ್ಲ. ಪರದೆಯ ಮೇಲೆ ಡಿಸ್ಕಿನ ಪುಟ್ಟ ಚಿತ್ರವೊಂದು ಬಂದು ಕೂತಿತು. ಅವಳು ಎರಡು ಸಲ ತಟ್ಟಿದಳು. ಒಳಗೆ ಎರಡು ಕಡತಕೋಶಗಳಿದ್ದವು. ಒಂದಕ್ಕೆ 'ಅಮ್ಮ' ಎಂದು ಹೆಸರು. ಇನ್ನೊಂದಕ್ಕೆ ನನ್ನ ಗಂಡನ ಹೆಸರು.

'ಅಮ್ಮ' ತೆರೆದಾಗ ಫೈಲುಗಳ ಉದ್ದನೆಯ ಸಾಲು ಕಾಣಿಸಿತು. ಇದ್ದವೆಂದ ಮಾತ್ರಕ್ಕೆ ಓಡಬೇಕೆಂದಿಲ್ಲ. ಅವಳಿಗೂ ಅದು ಗೊತ್ತಿತ್ತು. ಅವಸರದಲ್ಲಿ ಬೇಕಾದದ್ದನ್ನು ಬಿಟ್ಟು ಯಾವುದನ್ನೋ ಒತ್ತಿದಳು. ಗರಗರ ಸದ್ದು, ಪಾತ್ರೆ ಇಟ್ಟ ಸದ್ದು. ಆಮೇಲೆ ಗಟ್ಟಿ ಹೆಂಗಸಿನ ದನಿ:

"ಮತ್ತೆ ತಂದ್ಯಾ ಆ ಡಬ್ಬೀನ? ಎಷ್ಟು ಸಲ ಹೇಳ್ಬೇಕೇ ನಿಂಗೆ, ನಾನೇನು ಸಾಯ್ತಿದೀನಾ? ನಿಮ್ಮ ಸೋದರತ್ತೆ ವಿಷಯ ಹೇಳು ಅಂದ್ರೆ ಹೇಳ್ತೀನಿ. ಅವಳು ಒಬ್ಬಳು ಗಯ್ಯಾಳಿ..."

ಮಂಚದ ಮೇಲಿನ ಮುಖ ಇತ್ತ ತಿರುಗಿತು. ಇಳಿದ ತುಟಿ ಅಲುಗಿತು, ಶಬ್ದ ಬರಲಿಲ್ಲ. ಮಗಳು ನೆಲದ ಮೇಲೆ ಕೂತುಬಿಟ್ಟಳು. ಆ ದನಿ ಸೋದರತ್ತೆಯ ಮೂಗು, ನಡೆ, ಅವಳು ಕದ್ದು ತಿನ್ನುತ್ತಿದ್ದ ಬೆಲ್ಲ, ಒಂದೊಂದನ್ನೇ ಎತ್ತಿ ಒಗೆಯುತ್ತಾ ಹೋಯಿತು. ಅಷ್ಟು ಪರಿಶುದ್ಧವಾದ ತಿರಸ್ಕಾರವನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ನಿಂತೇ ಕೇಳಿದೆ.

ಅದು ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು ಕೇಳಿದಳು. "ಅವರ ಫೈಲುಗಳು? ನಿಮಗೆ ಹಾಕಿಕೊಡ್ಲಾ?"

"ಏನಿದೆ ನೋಡಿ."

ತೆರೆದಳು. ಎಲ್ಲ ಕೆಲಸದ್ದೇ. ಬಟ್ಟೆ ಒಗೆಯುವ ಯಂತ್ರ, ಲಿಫ್ಟು, ಕಂಪ್ಯೂಟರು. ಸಂದೇಶಗಳ ಮೇಲೆ ಸಂದೇಶ. ಒಂದೂ ಫೋಟೋ ಇರಲಿಲ್ಲ. ಭಾವ ನೆಟ್ಟಗಿರದ ಫೋಟೋಕ್ಕೇ ಕಟ್ಟು ಹಾಕಿಸಬೇಕಾಗುತ್ತದೆ.

"ಬೇಡ," ಅಂದೆ. "ಜಾಗ ಬೇಕಾದಾಗ ತೆಗೆದುಹಾಕಿ."

"ಈಗ ಬೇಡ ಅನ್ನಿಸತ್ತೆ. ಆಮೇಲೆ..."

"ನಿಮ್ಮ ಡಿಸ್ಕು ನಿಮ್ಮ ಕೈಗೆ ಬಂತಾ?"

"ಬಂತು."

"ಅಷ್ಟೇ ನನ್ನ ಕೆಲಸ. ಇವತ್ತೇ ಇನ್ನೊಂದು ಪ್ರತಿ ಮಾಡಿಡಿ. ಯಾರು ಎಷ್ಟು ಸಂಕೋಚಪಟ್ಟುಕೊಂಡು ಕೇಳಿದ್ರೂ ಕೊಡಬೇಡಿ."

ಅವಳು ತಲೆಯಾಡಿಸಿದಳು. ಮಂಚದಿಂದ ಒಂದು ಕೈ ಎದ್ದು, ಕಂಪ್ಯೂಟರಿನತ್ತ ಬೆರಳು ಮಾಡಿ, ಗಾಳಿಯಲ್ಲಿ ಸಿಡುಕಿನಿಂದ ಕುಣಿಯಿತು. ಮತ್ತೆ ಹಾಕು ಎಂದು. ಮಗಳು ಮತ್ತೆ ಹಾಕಿದಳು. ನಾನು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿಯತೊಡಗಿದೆ.